ಮಿಕ್ಕಿಯ ಜಾತ್ರೆಯಲ್ಲಿ ಅಜ್ಜಿ

ಜಾತ್ರೆಗೆ ಹೋಗುವಾಗ ಮುಂದೆ ನಡೆಯುವವರು ಹಿರಿಯರು. ತೇರು ಯಾವ ಬೀದಿಯಲ್ಲಿ ತಿರುಗುತ್ತದೆ, ಎಲ್ಲಿ ನಿಂತರೆ ಹಣ್ಣು-ದವನ ಎಸೆಯಲು ಅನುಕೂಲ, ಯಾವ ಅಂಗಡಿಯ ಬೆಂಡು-ಬತ್ತಾಸು ಚೆನ್ನ, ಎಲ್ಲವೂ ಅವರಿಗೆ ಗೊತ್ತು. ಮಕ್ಕಳು ಅಜ್ಜಿಯ ಸೆರಗು ಹಿಡಿದು ಹಿಂದೆ ಬರುತ್ತವೆ. ಥೀಮ್ ಪಾರ್ಕ್ ಎಂಬ ಈ ಕಾಲದ ಜಾತ್ರೆಯಲ್ಲಿ ಮಾತ್ರ ಎಲ್ಲವೂ ತಿರುಗುಮುರುಗು. ಇಲ್ಲಿ ದಾರಿ ತೋರಿಸುವವರು ಮೊಮ್ಮಕ್ಕಳು. ಅವರ ಕೈಯಲ್ಲಿ ಫೋನು, ಫೋನಿನಲ್ಲಿ ನಕ್ಷೆ, ನಕ್ಷೆಯಲ್ಲಿ ಯಾವ ಆಟಕ್ಕೆ ಎಷ್ಟು ನಿಮಿಷ ಕಾಯಬೇಕೆಂಬ ಲೆಕ್ಕ. ಹಿರಿಯರ ಪಾಲಿಗೆ ಉಳಿಯುವುದು ನೆರಳಿನಲ್ಲೊಂದು ಬೆಂಚು, ಎಲ್ಲರ ಚೀಲ ಕಾಯುವ ಕೆಲಸ.

ಹಾಗೆಯೇ ಆಗಬೇಕೆಂಬ ಕಾನೂನೇನೂ ಇಲ್ಲ. 2023ರ ಜೂನ್ ತಿಂಗಳಲ್ಲಿ ನಮ್ಮ ಕುಟುಂಬದ ಹದಿಮೂರು ಮಂದಿ ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿರುವ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಕಳೆದ ನಾಲ್ಕು ದಿನಗಳು ನನಗೆ ತೋರಿಸಿಕೊಟ್ಟದ್ದು ಇದನ್ನೇ. ಇಂಥ ಕಡೆಗೆ ಅಪ್ಪ-ಅಮ್ಮನನ್ನೋ ಅತ್ತೆ-ಮಾವನನ್ನೋ ಕರೆದುಕೊಂಡು ಹೋಗುವವರಿಗೂ, ತಾತ-ಅಜ್ಜಿಯ ಜೊತೆ ರಜೆ ಕಳೆಯುವ ವಿದ್ಯಾರ್ಥಿಗಳಿಗೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಹದಿಮೂರು ಮಂದಿ, ಒಂದು ಕುಕ್ಕರು

ನಾನು ತುಮಕೂರು ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ನನಗೆ ಎಪ್ಪತ್ತನಾಲ್ಕು, ನನ್ನಾಕೆಗೆ ಅರವತ್ತೊಂಬತ್ತು. ನನ್ನ ಎದೆಯಲ್ಲಿ ಒಂದು ಸ್ಟೆಂಟ್ ಇದೆ. ಆಕೆಯ ಎರಡೂ ಮಂಡಿಗಳು ಮಳೆ ಬರುವುದನ್ನು ಹವಾಮಾನ ಇಲಾಖೆಗಿಂತ ಮೊದಲೇ ಹೇಳುತ್ತವೆ. ದೊಡ್ಡ ಮಗ ನ್ಯೂಜೆರ್ಸಿಯಲ್ಲಿ. ಅವನಿಗೆ ಒಂಬತ್ತರ ಮಗಳು, ಏಳರ ಮಗ. ಚಿಕ್ಕವನು ಟೆಕ್ಸಾಸ್‌ನಲ್ಲಿ, ಅವನದು ಇನ್ನೂ ಎರಡು ತುಂಬಿದ ಕೂಸು. ಮಗಳು-ಅಳಿಯ ಬೆಂಗಳೂರಿನಲ್ಲಿ, ಅವರಿಗೆ ಹನ್ನೆರಡರ ಮಗಳು, ಐದರ ಮಗ. ನಾವೆಲ್ಲ ಒಂದೇ ಸೂರಿನಡಿ ಕೊನೆಯ ಸಲ ಸೇರಿದ್ದು 2017ರಲ್ಲಿ, ಚಿಕ್ಕವನ ಮದುವೆಗೆ. ಆಮೇಲೆ ಕೋವಿಡ್ ಬಂತು, ವೀಸಾ ತಡವಾಯಿತು, ರಜೆಗಳು ಹೊಂದಲಿಲ್ಲ. ಅಮೆರಿಕದ ಮೊಮ್ಮಕ್ಕಳಿಗೂ ಬೆಂಗಳೂರಿನವರಿಗೂ ಪರಸ್ಪರ ಗುರುತು ಫೋನಿನ ಪರದೆಯಲ್ಲಿ ಮಾತ್ರ.

ದೊಡ್ಡವನು ಡಿಸ್ನಿಯ ಮಾತೆತ್ತಿದಾಗ ನನ್ನಾಕೆ ಮೊದಲು ಕೇಳಿದ್ದು ಖರ್ಚನ್ನು. ಒಂದು ದಿನದ ಟಿಕೆಟ್ಟು ತಲೆಗೆ ನೂರು ಡಾಲರಿಗೂ ಮಿಗಿಲು. ಡಾಲರಿಗೆ ಆಗ ಸುಮಾರು 82 ರೂಪಾಯಿ. ಮೂರು ವರ್ಷ ತುಂಬದ ಕೂಸಿಗೆ ಟಿಕೆಟ್ಟಿಲ್ಲ. ಉಳಿದ ಹನ್ನೆರಡು ಮಂದಿಗೆ ದಿನಕ್ಕೆ ಲಕ್ಷ ರೂಪಾಯಿಯ ಹತ್ತಿರ!

“ಈ ದುಡ್ಡಲ್ಲಿ ಸತ್ಯನಾರಾಯಣ ಪೂಜೆ ಮಾಡಿಸಿ ಇಡೀ ಬೀದಿಗೆ ಊಟ ಹಾಕಬಹುದಲ್ಲೋ” ಎಂದಳು.

“ಅಮ್ಮ, ಮನೇಲಿ ಸೇರಿದ್ರೆ ನೀನು ಅಡುಗೆಮನೆ ಬಿಟ್ಟು ಈಚೆಗೆ ಬರಲ್ಲ. ಎಲ್ಲರೂ ಮನೆಯಿಂದ ಹೊರಗೆ ಒಂದು ಕಡೆ ಇರೋಣ ಅಂತ” ಎಂದ ಮಗ. ಅದಕ್ಕೆ ಆಕೆಯಲ್ಲಿ ಉತ್ತರವಿರಲಿಲ್ಲ. ಮುಂದಿನ ಸಲ ಹೀಗೆ ಹದಿಮೂರೂ ಮಂದಿ ಸೇರುವುದು ಯಾವಾಗಲೋ, ಯಾರು ಇರುತ್ತಾರೋ ಎಂಬ ಮಾತನ್ನು ಯಾರೂ ಆಡಲಿಲ್ಲ. ಎಲ್ಲರ ಮನಸ್ಸಿನಲ್ಲೂ ಅದು ಇತ್ತು.

ಡಿಸ್ನಿ ವರ್ಲ್ಡ್ ಇರುವುದು ಆರ್ಲೆಂಡೊ ನಗರದ ನೈಋತ್ಯಕ್ಕೆ. ಪಕ್ಕದ ಕಿಸಿಮ್ಮಿ ಎಂಬ ಊರಿನಲ್ಲಿ ಪ್ರವಾಸಿಗರಿಗೆ ಇಡೀ ಮನೆಯನ್ನೇ ದಿನದ ಬಾಡಿಗೆಗೆ ಕೊಡುತ್ತಾರೆ. ಅಂಥದೊಂದು ಮನೆ ಹಿಡಿದೆವು. ಸೊಸೆ ನ್ಯೂಜೆರ್ಸಿಯಿಂದ ಕುಕ್ಕರು, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ತಂದಿದ್ದಳು. ಪಾರ್ಕಿನೊಳಕ್ಕೆ ಮನೆಯ ತಿಂಡಿ ಒಯ್ಯಲು ಅಡ್ಡಿಯಿಲ್ಲ, ಗಾಜಿನ ಡಬ್ಬಿ ಮಾತ್ರ ಕೂಡದು ಎಂದು ತಿಳಿದಾಗ ನನ್ನಾಕೆಯ ಅರ್ಧ ಚಿಂತೆ ಕಳೆಯಿತು.

ಅಣ್ಣ ಪೂರೈಸಿದ ಕನಸು

ಡಿಸ್ನಿ ವರ್ಲ್ಡ್ ಒಂದು ಪಾರ್ಕಲ್ಲ. ಸುಮಾರು 40 ಚದರ ಮೈಲಿಯ ನೆಲದಲ್ಲಿ ನಾಲ್ಕು ದೊಡ್ಡ ಪಾರ್ಕುಗಳಿವೆ: 1971ರ ಮ್ಯಾಜಿಕ್ ಕಿಂಗ್‌ಡಮ್, 1982ರ ಎಪ್ಕಾಟ್, ಈಗ ಹಾಲಿವುಡ್ ಸ್ಟುಡಿಯೋಸ್ ಎಂದು ಕರೆಯುವ 1989ರ ಪಾರ್ಕು, 1998ರ ಅನಿಮಲ್ ಕಿಂಗ್‌ಡಮ್. ಒಂದೊಂದಕ್ಕೂ ಒಂದು ದಿನ ಸಾಲದು.

ಇದರ ಹಿಂದಿನ ಕಥೆ ತಂದೆ-ತಾಯಂದಿರು ತಿಳಿಯಬೇಕಾದದ್ದು. ಮಿಕ್ಕಿ ಮೌಸ್‌ನ ಜನಕ ವಾಲ್ಟ್ ಡಿಸ್ನಿ ಬಿಡುವಿನ ದಿನಗಳಲ್ಲಿ ತನ್ನಿಬ್ಬರು ಹೆಣ್ಣುಮಕ್ಕಳನ್ನು ಲಾಸ್ ಏಂಜಲಿಸ್‌ನ ಗ್ರಿಫಿತ್ ಪಾರ್ಕಿಗೆ ಕರೆದೊಯ್ಯುತ್ತಿದ್ದ. ಮಕ್ಕಳು ಮರದ ಕುದುರೆಗಳ ಮೇಲೆ ಗಿರಗಿರನೆ ತಿರುಗುತ್ತಿದ್ದರೆ ಅಪ್ಪ ಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತಾ ಕೂತಿರುತ್ತಿದ್ದ. ದೊಡ್ಡವರೂ ಮಕ್ಕಳೂ ಒಟ್ಟಿಗೆ ಸಂತೋಷಪಡುವಂಥ ಜಾಗ ಯಾಕಿರಬಾರದು ಎಂದು ಅವನಿಗೆ ಹೊಳೆದದ್ದು ಆ ಬೆಂಚಿನ ಮೇಲೆ. ಅದರ ಫಲವಾಗಿ ಕ್ಯಾಲಿಫೋರ್ನಿಯಾದ ಆನಹೈಮ್‌ನಲ್ಲಿ 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ತೆರೆಯಿತು. ಅದಕ್ಕಿಂತ ಎಷ್ಟೋ ಪಾಲು ದೊಡ್ಡದನ್ನು ಫ್ಲಾರಿಡಾದ ಜೌಗು ನೆಲದಲ್ಲಿ ಕಟ್ಟಬೇಕೆಂದು ಹೊರಟ ವಾಲ್ಟ್ 1966ರ ಡಿಸೆಂಬರಿನಲ್ಲಿ ತೀರಿಕೊಂಡ. ನಿವೃತ್ತಿಯ ಅಂಚಿನಲ್ಲಿದ್ದ ಅಣ್ಣ ರಾಯ್ ಡಿಸ್ನಿ ನಿವೃತ್ತಿಯನ್ನು ಮುಂದೂಡಿ ಆ ಕೆಲಸ ಹೊತ್ತ. ಬರಿಯ ‘ಡಿಸ್ನಿ ವರ್ಲ್ಡ್’ ಸಾಲದು, ತಮ್ಮನ ಪೂರ್ತಿ ಹೆಸರಿರಬೇಕು ಎಂದು ‘ವಾಲ್ಟ್ ಡಿಸ್ನಿ ವರ್ಲ್ಡ್’ ಎಂದು ಹೆಸರಿಟ್ಟ. 1971ರ ಅಕ್ಟೋಬರಿನಲ್ಲಿ ಬಾಗಿಲು ತೆರೆದು, ಅದೇ ಡಿಸೆಂಬರಿನಲ್ಲಿ ತಾನೂ ಕಣ್ಣು ಮುಚ್ಚಿದ.

“ಹಾಗಾದ್ರೆ ಇದು ಅಣ್ಣ-ತಮ್ಮಂದಿರ ಜಾಗ” ಎಂದು ನನ್ನಾಕೆ ತನ್ನ ಇಬ್ಬರು ಗಂಡುಮಕ್ಕಳ ಕಡೆ ಒಮ್ಮೆ ನೋಡಿದಳು.

ಮೊದಲ ದಿನ: ಎರಡನೆಯ ಅಂತಸ್ತಿನ ಊರು

ಕಾರು ನಿಲ್ಲಿಸಿದ ಕಡೆಯಿಂದ ಮ್ಯಾಜಿಕ್ ಕಿಂಗ್‌ಡಮ್‌ಗೆ ಮಾನೋರೈಲಿನಲ್ಲಿ ಹೋಗಬಹುದು, ಇಲ್ಲವೇ ಕೆರೆ ದಾಟುವ ದೋಣಿಯಲ್ಲಿ. ನಾವು ದೋಣಿ ಹತ್ತಿದೆವು. ಆ ಕೆರೆ ಮನುಷ್ಯರು ತೋಡಿದ್ದು. ಅದರಿಂದ ತೆಗೆದ ಮಣ್ಣನ್ನು ಪಾರ್ಕಿನ ನೆಲ ಎತ್ತರಿಸಲು ಬಳಸಿದರು. ಏಕೆಂದರೆ ಪ್ರವಾಸಿಗರು ನಡೆಯುವ ನೆಲ ನಿಜವಾಗಿ ಎರಡನೆಯ ಅಂತಸ್ತು! ಕೆಳಗಿನ ಅಂತಸ್ತಿನಲ್ಲಿ ಉದ್ದುದ್ದ ಸುರಂಗದಂಥ ಹಾದಿಗಳಿವೆ. ಸಿಬ್ಬಂದಿ, ಸಾಮಾನು ಎಲ್ಲವೂ ಅಲ್ಲೇ ಓಡಾಡುತ್ತವೆ. ಹಳೆಯ ಕಾಲದ ವೇಷ ತೊಟ್ಟವನು ಭವಿಷ್ಯದ ಲೋಕದ ಬೀದಿಯಲ್ಲಿ ಹಾದುಹೋದರೆ ರಸಭಂಗ ಎಂಬುದು ವಾಲ್ಟ್‌ನ ವಾದ. ನಮ್ಮ ಬಯಲಾಟದಲ್ಲೂ ಚೌಕಿಯನ್ನು ಪ್ರೇಕ್ಷಕರ ಕಣ್ಣಿಗೆ ಬೀಳದಂತೆ ಇಡುವುದಿಲ್ಲವೇ, ಹಾಗೆ.

ಎದುರಿಗೆ ಸಿಂಡರೆಲ್ಲಾಳ ಅರಮನೆ. ಎತ್ತರ 189 ಅಡಿ; ಆದರೆ ಕಣ್ಣಿಗೆ ಇನ್ನೂ ಎತ್ತರವಾಗಿ ಕಾಣುತ್ತದೆ. ಗುಟ್ಟು ಇಷ್ಟೇ: ಮೇಲೆ ಹೋದಂತೆ ಕಿಟಕಿ, ಗೋಪುರ, ಕಲ್ಲಿನ ಗೆರೆ ಎಲ್ಲವನ್ನೂ ಅಳತೆಗಿಂತ ಚಿಕ್ಕದು ಮಾಡುತ್ತಾ ಹೋಗಿದ್ದಾರೆ. ಚಿಕ್ಕದಾಗಿ ಕಾಣುವುದು ದೂರದಲ್ಲಿದೆ ಎಂದು ಮಿದುಳು ಲೆಕ್ಕ ಹಾಕುತ್ತದೆ. ನಮ್ಮ ದೇವಸ್ಥಾನಗಳ ಗೋಪುರದ ಅಂತಸ್ತುಗಳೂ ಮೇಲೇರಿದಂತೆ ಕಿರಿದಾಗುವುದನ್ನು ವಿದ್ಯಾರ್ಥಿಗಳು ಗಮನಿಸಿರಬಹುದು.

ಅರಮನೆಯ ಮುಂದೆ ಫೋಟೋ ಆದ ಮೇಲೆ ಮಕ್ಕಳ ಸೈನ್ಯ ಸ್ಪೇಸ್ ಮೌಂಟನ್ ಎಂಬ ರೋಲರ್ ಕೋಸ್ಟರಿನ ಕಡೆ ಹೊರಟಿತು. ಬಾಗಿಲಲ್ಲಿ ಎರಡು ತಡೆ. ಒಂದು ಅಳತೆಕೋಲು: 44 ಅಂಗುಲಕ್ಕಿಂತ ಗಿಡ್ಡವಿದ್ದರೆ ಪ್ರವೇಶವಿಲ್ಲ. ಇನ್ನೊಂದು ಫಲಕ: ಹೃದಯ, ರಕ್ತದೊತ್ತಡ, ಬೆನ್ನು-ಕುತ್ತಿಗೆಯ ತೊಂದರೆ ಇರುವವರು ಹತ್ತಬಾರದು. ಅಳತೆಕೋಲು ಬೆಂಗಳೂರಿನ ಐದರ ಮೊಮ್ಮಗನನ್ನು ತಡೆಯಿತು, ಫಲಕ ನನ್ನನ್ನು. ಮಂಡಿ ನನ್ನಾಕೆಯನ್ನು. ಕೂಸಂತೂ ಲೆಕ್ಕಕ್ಕೇ ಇಲ್ಲ. ಹೀಗೆ ಹದಿಮೂರರಲ್ಲಿ ನಾಲ್ವರು ಎಂಟು ಚೀಲಗಳೊಂದಿಗೆ ಬೆಂಚಿನ ಮೇಲೆ ಉಳಿದೆವು. ಬಾಳಿನ ಎರಡು ತುದಿಯವರು! ಐದರವನು ಮೂತಿ ಉದ್ದ ಮಾಡಿಕೊಂಡಿದ್ದ. ನನ್ನಾಕೆ ಕೂಸಿಗೆ ಅವಲಕ್ಕಿ ತಿನ್ನಿಸುತ್ತಾ, “ರೀ, ದೋಣಿ ದಾಟಿ ಬಂದದ್ದು ಚೀಲ ಕಾಯೋಕಾ?” ಎಂದಳು.

ನನಗೆ ವಾಲ್ಟ್ ಡಿಸ್ನಿಯ ಬೆಂಚು ನೆನಪಾಯಿತು. ಬೆಂಚಿನ ಮೇಲಿನವರನ್ನು ಎಬ್ಬಿಸಬೇಕೆಂದು ಕಟ್ಟಿದ ಜಾಗವಲ್ಲವೇ ಇದು? ನೋಡೋಣವೆಂದು ಎದ್ದೆವು.

ತಡೆಯಿಲ್ಲದ ಮೂರು ಸವಾರಿ

ಸ್ಪೇಸ್ ಮೌಂಟನ್ನಿನ ಹತ್ತಿರವೇ ಪೀಪಲ್‌ಮೂವರ್ ಎಂಬ ಪುಟ್ಟ ರೈಲು ಓಡುತ್ತದೆ. ಇಳಿಜಾರಾಗಿ ಚಲಿಸುವ ನೆಲಪಟ್ಟಿಯ ಮೇಲೆ ನಿಂತರೆ ಅದೇ ಮೇಲಕ್ಕೆ ಒಯ್ಯುತ್ತದೆ. ಅಳತೆಕೋಲಿಲ್ಲ, ಬಡಿತವಿಲ್ಲ, ಹತ್ತು ನಿಮಿಷ ತಂಗಾಳಿಯಲ್ಲಿ ಸುತ್ತಾಟ. ಗಾಡಿಯಲ್ಲಿ ಎಂಜಿನ್ನೂ ಇಲ್ಲ. ಮನೆಯ ಫ್ಯಾನಿನ ಮೋಟಾರನ್ನು ಒಂದು ಕಡೆ ಕತ್ತರಿಸಿ, ಉದ್ದಕ್ಕೆ ಬಿಡಿಸಿ ನೆಲಕ್ಕೆ ಹಾಸಿದರೆ ಹೇಗೋ ಹಾಗೆ ಹಳಿಯುದ್ದಕ್ಕೂ ತಂತಿಸುರುಳಿಗಳಿವೆ. ಅವುಗಳಲ್ಲಿ ವಿದ್ಯುತ್ ಹರಿದಾಗ ಕಾಂತಕ್ಷೇತ್ರ ಮುಂದೆ ಮುಂದೆ ಸಾಗಿ, ಗಾಡಿಯ ತಳದ ಲೋಹದ ಹಲಗೆಯನ್ನು ತಳ್ಳಿಕೊಂಡು ಹೋಗುತ್ತದೆ. ಫ್ಯಾನಿನಲ್ಲಿ ತಿರುಗುವ ಬಲ ಇಲ್ಲಿ ನೇರಕ್ಕೆ ಓಡುತ್ತದೆ, ಅಷ್ಟೆ. ನನ್ನ ಹಳೆಯ ವಿದ್ಯಾರ್ಥಿಗಳಿಗೆ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದ್ದರ ಮೇಲೆ ಕೂತು ಹೋಗುವ ಯೋಗ ಎಪ್ಪತ್ತನಾಲ್ಕರಲ್ಲಿ ಬಂತು!

ಈ ರೈಲು ನಡುವೆ ಸ್ಪೇಸ್ ಮೌಂಟನ್ನಿನ ಹೊಟ್ಟೆಯೊಳಗೇ ಹಾದುಹೋಗುತ್ತದೆ. ಕಗ್ಗತ್ತಲು, ಮೇಲೆಲ್ಲೋ ಗಾಡಿಗಳ ಸದ್ದು, ಕಿರುಚಾಟ. “ಅದು ಅಕ್ಕ! ಅಕ್ಕ ಕೂಗ್ತಿದಾಳೆ!” ಎಂದು ಐದರವನು ಕುಣಿದ. ಆಮೇಲೆ ಗೊತ್ತಾಯಿತು: ಆ ಸವಾರಿಯ ಗರಿಷ್ಠ ವೇಗ ಗಂಟೆಗೆ ಸುಮಾರು 45 ಕಿಲೋಮೀಟರ್. ನಮ್ಮ ಕೆಂಪು ಬಸ್ಸು ಇದಕ್ಕಿಂತ ಜೋರಾಗಿ ಓಡುತ್ತದೆ. ಹಳಿ ಕಾಣದ ಕತ್ತಲೆಯಿಂದಾಗಿ ವೇಗ ಇಮ್ಮಡಿಯಾದಂತೆ ಭಾಸವಾಗುತ್ತದೆ.

ಎರಡನೆಯದು ‘ಇಟ್ಸ್ ಎ ಸ್ಮಾಲ್ ವರ್ಲ್ಡ್’ ಎಂಬ ದೋಣಿಯಾನ. 1964ರ ನ್ಯೂಯಾರ್ಕ್ ವಿಶ್ವಪ್ರದರ್ಶನಕ್ಕೆ, ಯುನಿಸೆಫ್ ಸಂಸ್ಥೆಯ ಸಲುವಾಗಿ ಮೊದಲು ಮಾಡಿದ್ದು. ನೀರಿನ ಕಾಲುವೆಯ ಎರಡೂ ದಡದಲ್ಲಿ ನಾನಾ ದೇಶಗಳ ಉಡುಪಿನ ನೂರಾರು ಬೊಂಬೆಗಳು ಕುಣಿಯುತ್ತಾ ಒಂದೇ ಹಾಡು ಹಾಡುತ್ತವೆ. ಈ ಹೊತ್ತಿಗೆ ದೊಡ್ಡ ಮಕ್ಕಳೂ ಬಂದು ಸೇರಿದ್ದರು. ದೋಣಿಗೆ ಕಾಲಿಡುವಾಗ ಮೆಟ್ಟಿಲು ಸ್ವಲ್ಪ ತಗ್ಗು. ಇಬ್ಬರು ಗಂಡುಮಕ್ಕಳೂ ಅಮ್ಮನ ರಟ್ಟೆ ಹಿಡಿದರು. ಒಳಗೆ ಹೋದದ್ದೇ ನನ್ನಾಕೆಯ ಮುಖ ಅರಳಿತು. “ಅಯ್ಯೋ, ಇದು ದಸರಾ ಬೊಂಬೆ ಕಣ್ರೇ!” ನಮ್ಮ ಮನೆಯಲ್ಲಿ ನವರಾತ್ರಿಗೆ ಏಳು ಮೆಟ್ಟಿಲು ಬೊಂಬೆ ಕೂರಿಸುವ ಪದ್ಧತಿ. ಪಟ್ಟದ ಬೊಂಬೆ ಯಾವುದು, ಚೆಟ್ಟಿಯ ಅಂಗಡಿ ಎಲ್ಲಿಡಬೇಕು, ಬೊಂಬೆ ಬಾಗಿನಕ್ಕೆ ಏನು ಕೊಡಬೇಕು ಎಂದು ದೋಣಿ ಸಾಗುವಷ್ಟು ಹೊತ್ತೂ ಮಾತೇ ಮಾತು. “ಅಜ್ಜಿ, ನಮ್ಮನೇಲೂ ಇಡಬಹುದಾ?” ಎಂದಳು ನ್ಯೂಜೆರ್ಸಿಯ ಒಂಬತ್ತರ ಹುಡುಗಿ.

ಮೂರನೆಯದು ದೆವ್ವದ ಮನೆ, ಹಾಂಟೆಡ್ ಮ್ಯಾನ್ಷನ್. ಇಲ್ಲಿ ಕುರ್ಚಿಗಾಡಿಗಳು ನಿಲ್ಲದೆ ಸಾಗುತ್ತಿರುತ್ತವೆ. ಪಕ್ಕದ ನೆಲಪಟ್ಟಿಯೂ ಅದೇ ವೇಗದಲ್ಲಿ ಚಲಿಸುವುದರಿಂದ ಹತ್ತುವುದು ಸುಲಭ. ವಯಸ್ಸಾದವರನ್ನು ಕಂಡರೆ ಸಿಬ್ಬಂದಿ ವೇಗ ತಗ್ಗಿಸುತ್ತಾರೆ. ಒಳಗೊಂದು ದೊಡ್ಡ ಹಜಾರ. ಅಲ್ಲಿ ಪಾರದರ್ಶಕ ದೆವ್ವಗಳ ನೃತ್ಯ. ಮೇಜು-ಕುರ್ಚಿ ಅವುಗಳ ಮೈಯ ಮೂಲಕ ಕಾಣುತ್ತವೆ! ಏಳರ ಮೊಮ್ಮಗ ನನ್ನ ತೋಳು ಹಿಡಿದವನು ಬಿಡಲಿಲ್ಲ. ಇದು 1860ರ ದಶಕದಿಂದ ರಂಗಭೂಮಿಯಲ್ಲಿ ಹೆಸರಾದ ‘ಪೆಪ್ಪರನ ಭೂತ’ ಎಂಬ ತಂತ್ರ. ನಮಗೂ ಹಜಾರಕ್ಕೂ ನಡುವೆ ಭಾರಿ ಗಾಜಿದೆ. ದೆವ್ವದ ಬೊಂಬೆಗಳು ನಮ್ಮ ಕಣ್ಣಿಗೆ ಬೀಳದ ಜಾಗದಲ್ಲಿ ಬೆಳಕಿನಲ್ಲಿ ಕುಣಿಯುತ್ತವೆ. ಗಾಜಿನಲ್ಲಿ ಮೂಡುವ ಅವುಗಳ ಪ್ರತಿಬಿಂಬ ಹಜಾರದೊಳಗೇ ಇದ್ದಂತೆ ತೋರುತ್ತದೆ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಕತ್ತಲೆ ಕೋಣೆಯಲ್ಲಿ ಒಂದು ಗಾಜಿನ ಹಾಳೆಯನ್ನು ನೆಟ್ಟಗೆ ನಿಲ್ಲಿಸಿ. ಮುಂದೆ ಉರಿಯುವ ಮೇಣದಬತ್ತಿ, ಗಾಜಿನ ಹಿಂದೆ ಅಷ್ಟೇ ದೂರದಲ್ಲಿ ನೀರು ತುಂಬಿದ ಗಾಜಿನ ಲೋಟ ಇಡಿ. ಮುಂದಿನಿಂದ ನೋಡಿದರೆ ಬತ್ತಿ ನೀರಿನೊಳಗೆ ಉರಿಯುತ್ತಿರುತ್ತದೆ! ಅಂದು ರಾತ್ರಿ ಬಾಡಿಗೆ ಮನೆಯಲ್ಲಿ ಫೋಟೋ ಚೌಕಟ್ಟಿನ ಗಾಜು ಬಿಚ್ಚಿ ಇದನ್ನು ತೋರಿಸಿದೆ, ದೊಡ್ಡವರು ಪಕ್ಕದಲ್ಲಿದ್ದು. ಹಗಲೆಲ್ಲ ಹೆದರಿದ್ದ ಹುಡುಗ ಮೂರು ಸಲ ಮಾಡಿಸಿದ.

ಗಾಲಿಕುರ್ಚಿಯ ತೇರು

ಮಾರನೆಯ ದಿನ ಯಾವ ಪಾರ್ಕೂ ಇಲ್ಲ. ಮನೆಯಲ್ಲಿ ವಿಶ್ರಾಂತಿ, ಬಿಸಿಬೇಳೆ ಭಾತ್. ಮಂಡಿಗೆ ಎಣ್ಣೆ ನೀವುತ್ತಾ ನನ್ನಾಕೆ ಹಿಂದಿನ ದಿನ ನಡೆದದ್ದು ಎಷ್ಟೆಂದು ಕೇಳಿದಳು. ಅಳಿಯ ಫೋನು ನೋಡಿ, “ಹತ್ತು ಕಿಲೋಮೀಟರ್ ಮೇಲಾಯ್ತು ಅತ್ತೆ” ಎಂದರು. ಮೂರನೆಯ ದಿನ ಅನಿಮಲ್ ಕಿಂಗ್‌ಡಮ್‌ನ ಬಾಗಿಲಲ್ಲಿ ಚಿಕ್ಕವನು ಗಾಲಿಕುರ್ಚಿ ಬಾಡಿಗೆಗೆ ತಂದ.

“ನಾನೇನು ಆಸ್ಪತ್ರೆಗೆ ಬಂದಿದೀನಾ? ತೆಗೆಯೋ ಆಚೆಗೆ.” ಕೂಸಿನ ತಳ್ಳುಗಾಡಿ ಹಿಡಿದು ನಡೆದಳು, ಅದೇ ಆಸರೆಯೂ ಆಯಿತು. ಆದರೆ ಜೂನ್ ತಿಂಗಳ ಫ್ಲಾರಿಡಾ ಬಿಸಿಲೆಂದರೆ ಮಂಗಳೂರಿನ ಮೇ ತಿಂಗಳ ಸೆಕೆ. ಅರ್ಧ ಗಂಟೆಗೆ ಉಸ್ಸಪ್ಪಾ ಎಂದಳು. ಅಷ್ಟರಲ್ಲಿ ಖಾಲಿ ಗಾಲಿಕುರ್ಚಿಯನ್ನು ಯಾರು ತಳ್ಳಬೇಕೆಂದು ಮೊಮ್ಮಕ್ಕಳಲ್ಲಿ ಜಗಳ ಶುರುವಾಗಿತ್ತು. “ಜಗಳ ಬೇಡ, ಸರದಿ ಮೇಲೆ ತಳ್ಳಿ” ಎಂದು ತೀರ್ಪು ಕೊಟ್ಟು ಕೂತೇಬಿಟ್ಟಳು. ಬೆಂಗಳೂರಿನ ಹುಡುಗಿ ಬಲಗಡೆ, ನ್ಯೂಜೆರ್ಸಿಯವಳು ಎಡಗಡೆ, ಹುಡುಗರು ಹಿಂದೆ. ತೇರು ಹೊರಟಿತು.

ಆನಂದಪುರದ ಬೀದಿಯಲ್ಲಿ

ಈ ಪಾರ್ಕಿನಲ್ಲಿ ಏಷ್ಯಾ ಎಂಬ ಒಂದು ಭಾಗವಿದೆ. ಅಲ್ಲಿ ಭಾರತ, ನೇಪಾಳ ಮುಂತಾದ ನಾಡುಗಳನ್ನು ಬೆರೆಸಿ ಕಟ್ಟಿದ ಒಂದು ಕಲ್ಪನೆಯ ಊರು. ಹೆಸರು ಆನಂದಪುರ! ಸಾಗರ ತಾಲ್ಲೂಕಿನ ನಮ್ಮ ಆನಂದಪುರ ಕಂಡವರಿಗೆ ನಗು ಬಂದೀತು. ಪಾರ್ಕಿನ ವಿನ್ಯಾಸದ ಹೊಣೆ ಹೊತ್ತಿದ್ದ ಜೋ ರೋಡ್ ಮತ್ತು ಸಂಗಡಿಗರು ಏಷ್ಯಾದ ಊರುಗಳನ್ನು ಸುತ್ತಿ ಬಂದು ಇದನ್ನು ಕಟ್ಟಿಸಿದರು. ಬಣ್ಣ ಮಾಸಿದ ಗೋಡೆ, ಕಿತ್ತುಬಂದ ಗಾರೆ, ಗೋಡೆಯ ಮೇಲೆ ಕೈಬರಹದ ಜಾಹೀರಾತು, ಜೋತುಬಿದ್ದ ತಂತಿ, ತುಕ್ಕು ಹಿಡಿದ ಸೈಕಲ್ಲು, ಎಲ್ಲವನ್ನೂ ಹಣ ತೆತ್ತು, ಅಳೆದು ಸುರಿದು ಹಳತು ಮಾಡಿದ್ದಾರೆ. ಪಾಳುಬಿದ್ದ ಅರಮನೆಯ ನಡುವೆ ನಿಜವಾದ ಹುಲಿಗಳು ಮಲಗಿರುತ್ತವೆ. ದೊಡ್ಡ ಬಾವಲಿಗಳು ತೂಗಾಡುತ್ತಿರುತ್ತವೆ.

“ಇದನ್ನ ನೋಡೋಕೆ ಲಕ್ಷ ರೂಪಾಯಿ ಕೊಟ್ಟು ಬರಬೇಕಿತ್ತಾ? ನಮ್ಮ ಹಳೇ ಬಸ್ ಸ್ಟ್ಯಾಂಡು ತೋರಿಸ್ತಿದ್ದೆ” ಎಂದಳು ನನ್ನಾಕೆ. ಎಲ್ಲರೂ ನಕ್ಕರು. ಆದರೆ ನ್ಯೂಜೆರ್ಸಿಯ ಮೊಮ್ಮಗಳು ನಗಲಿಲ್ಲ. “ತಾತ, ಇಂಡಿಯಾ ಹೀಗೇ ಇದೆಯಾ?” ಎಂದು ಕೇಳಿದಳು. ಮೂರು ವರ್ಷದವಳಿದ್ದಾಗ ಚಿಕ್ಕಪ್ಪನ ಮದುವೆಗೆ ಬಂದದ್ದು ಬಿಟ್ಟರೆ ಅವಳು ಮತ್ತೆ ಬಂದಿಲ್ಲ. ಅವಳ ಪ್ರಶ್ನೆ ನಿಜವಾದ ಪ್ರಶ್ನೆ. ಗೋಡೆ ಹೀಗೆ ಇರುತ್ತದೆ, ಆದರೆ ಗೋಡೆಯ ಹಿಂದೆ ಮನೆ ಇರುತ್ತದೆ, ಮನೆಯಲ್ಲಿ ಜನ ಇರುತ್ತಾರೆ, ಯಾರು ಬಂದರೂ ಕಾಫಿ ಕೊಡುತ್ತಾರೆ ಎಂದೆ. ಅಲ್ಲಿಂದ ಮುಂದೆ ಆ ಬೀದಿಯಲ್ಲಿ ಫೋನಿನ ನಕ್ಷೆ ಕೆಲಸಕ್ಕೆ ಬರಲಿಲ್ಲ. ಹುಡುಗರು ಪ್ರತಿಯೊಂದನ್ನೂ ಬೆರಳು ಮಾಡಿ ತೋರಿಸಿ ನಮ್ಮನ್ನು ಕೇಳತೊಡಗಿದರು. ಗುಡಿಗೆ ದಾರ ಯಾಕೆ ಸುತ್ತಿದ್ದಾರೆ? ಮರಕ್ಕೆ ಬಟ್ಟೆ ಯಾಕೆ ಕಟ್ಟಿದ್ದಾರೆ? ಗಂಟೆ ಯಾಕೆ? ಜಾತ್ರೆಯ ಕ್ರಮ ಮರಳಿ ಬಂದಿತ್ತು. ಮುಂದೆ ಅಜ್ಜಿ, ಹಿಂದೆ ಮಕ್ಕಳು.

ಆನಂದಪುರದ ಬೆನ್ನಿಗೆ ಹಿಮಾಲಯ. 2006ರಲ್ಲಿ ತೆರೆದ ‘ಎಕ್ಸ್‌ಪೆಡಿಷನ್ ಎವರೆಸ್ಟ್’ ಎಂಬ ರೋಲರ್ ಕೋಸ್ಟರು. 200 ಅಡಿಗೆ ಚೂರು ಕಡಿಮೆ ಎತ್ತರದ ಕೃತಕ ಪರ್ವತ. ಚಹಾ ತೋಟದ ರೈಲಿನಂಥ ಗಾಡಿ ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಓಡಿ, ಹಳಿ ಕಿತ್ತುಹೋದ ಜಾಗ ತಲುಪಿ, ಕತ್ತಲಲ್ಲಿ ಹಿಮ್ಮುಖವಾಗಿ ಜಾರುತ್ತದೆ. ನಮ್ಮಿಬ್ಬರಿಗೂ ಐದರವನಿಗೂ ಇಲ್ಲಿ ಜಾಗವಿಲ್ಲ. ಫಲಕದ ಪ್ರಕಾರ ಒಂದು ಗಂಟೆ ಕಾಯಬೇಕಿತ್ತು; ಸವಾರಿ ಮೂರು ನಿಮಿಷ. ನಾನು ಕೂಸಿನೊಂದಿಗೆ ನೆರಳು ಹುಡುಕಿದೆ. ನನ್ನಾಕೆ ಮಾತ್ರ, “ನಾನೂ ಬರ್ತೀನಿ, ಗಾಡಿ ಹತ್ತಲ್ಲ, ಸಾಲಲ್ಲಿ ನಿಂತಿರ್ತೀನಿ” ಎಂದಳು. ಮಗ ಸಿಬ್ಬಂದಿಯನ್ನು ಕೇಳಿದ. ಹತ್ತುವ ಜಾಗದ ತನಕ ಜೊತೆಗೆ ಬಂದು, ಅಲ್ಲಿಂದ ಹೊರದಾರಿ ಹಿಡಿಯಬಹುದು ಎಂದರು. ಐದರವನೂ ಅಜ್ಜಿಯ ಕೈ ಹಿಡಿದು ಹೊರಟ.

ಆ ಒಂದು ಗಂಟೆಯಲ್ಲಿ ನಡೆದದ್ದನ್ನು ಆಮೇಲೆ ಒಬ್ಬೊಬ್ಬರೂ ನನಗೆ ಹೇಳಿದರು. ಸಾಲು ಸಾಗುವ ಹಾದಿಯಲ್ಲಿ ಗುಡಿ, ಚಾರಣದ ಅಂಗಡಿ, ಹಿಮಮಾನವನ ವಸ್ತುಸಂಗ್ರಹಾಲಯ ಎಲ್ಲ ಇವೆ. ಹಿಮಾಲಯವೆಂದೊಡನೆ ನನ್ನಾಕೆ ತನ್ನ ಅಜ್ಜಿಯ ಕಾಶಿಯಾತ್ರೆಯ ಕಥೆ ತೆಗೆದಳು. ಹೊರಡುವ ಮುನ್ನ ನೆಂಟರೆಲ್ಲ ಬಂದು, ಮತ್ತೆ ನೋಡುತ್ತೇವೋ ಇಲ್ಲವೋ ಎಂದು ಅತ್ತದ್ದು. ರೈಲಿನಲ್ಲಿ ಹುರಿಹಿಟ್ಟು ತಿಂದುಕೊಂಡು ಹೋದದ್ದು. ಗಂಗೆಯನ್ನು ತಂಬಿಗೆಯಲ್ಲಿ ತಂದದ್ದು. ಕಾಶಿಯಲ್ಲಿ ತನಗೆ ಪ್ರಿಯವಾದ ಹಲಸಿನ ಹಣ್ಣನ್ನು ಬಿಟ್ಟುಬಂದದ್ದು. ಆಕೆ ಹೇಳಿದ್ದು ಕನ್ನಡದಲ್ಲಿ. ತಿಳಿಯದ ಕಡೆ ಬೆಂಗಳೂರಿನ ಹನ್ನೆರಡರ ಹುಡುಗಿ ಇಂಗ್ಲಿಷ್ ಮಾಡಿ ಹೇಳಿದಳು. ಫೋನಿನ ಪರದೆಯಲ್ಲಿ ‘ಹಾಯ್’ ಎನ್ನುತ್ತಿದ್ದ ಮಕ್ಕಳು ಹೀಗೆ ಒಂದು ಕಥೆಯ ಎರಡು ತುದಿ ಹಿಡಿದುಕೊಂಡರು.

“ಹಣ್ಣು ಬಿಡೋದು ಅಂದ್ರೆ? ಮತ್ತೆ ತಿನ್ನಲೇ ಇಲ್ವಾ?” ಎಂದನಂತೆ ಏಳರವನು.

“ಸಾಯೋ ತನಕ ತಿನ್ನಲಿಲ್ಲ.”

“ನಾನು ಬ್ರೊಕೋಲಿ ಬಿಡ್ತೀನಿ.”

“ಇಷ್ಟ ಇಲ್ಲದ್ದು ಬಿಟ್ರೆ ಬಿಟ್ಟಂಗಲ್ಲ ಕಣೋ. ಇಷ್ಟ ಆದದ್ದನ್ನೇ ಬಿಡಬೇಕು.”

ಮಕ್ಕಳು ಗಾಡಿ ಹತ್ತಿದರು; ಅಜ್ಜಿ ಐದರವನೊಂದಿಗೆ ಹೊರದಾರಿ ಹಿಡಿದಳು. ಸವಾರಿ ಮುಗಿಸಿ ಕೆದರಿದ ತಲೆಯಲ್ಲಿ ಓಡಿಬಂದ ಏಳರವನು ಮೊದಲು ಹೇಳಿದ್ದು ಹಿಮಮಾನವನ ಸುದ್ದಿಯನ್ನಲ್ಲ. “ಅಜ್ಜಿ, ಐಪ್ಯಾಡ್ ಬಿಡ್ತೀನಿ... ಶನಿವಾರ ಮಾತ್ರ.” ಎಷ್ಟು ಶನಿವಾರ ಅದು ನಡೆಯಿತೋ ಅವನ ತಾಯಿಯನ್ನೇ ಕೇಳಬೇಕು. ನಾವು ಊರಿಗೆ ಮರಳಿದ ಮೇಲೆ ಅವರ ಶನಿವಾರ ರಾತ್ರಿ, ನಮ್ಮ ಭಾನುವಾರ ಬೆಳಗಿನ ಕಾಫಿಯ ಹೊತ್ತಿಗೆ, ಫೋನು ಬರುವುದಂತೂ ಶುರುವಾಯಿತು. “ಅಜ್ಜಿ, ಕಥೆ” ಎನ್ನುವ ಎರಡು ಶಬ್ದ ಅಚ್ಚ ಕನ್ನಡದಲ್ಲಿ.

ಹನ್ನೆರಡನೆಯ ದೇಶ

ನಾಲ್ಕನೆಯ ದಿನದ ಎಪ್ಕಾಟ್ ಹಿರಿಯರಿಗೆ ಹೇಳಿಮಾಡಿಸಿದ ಪಾರ್ಕು. ಎದುರಿಗೇ 180 ಅಡಿ ಎತ್ತರದ ಗೋಳ. ಅದರೊಳಗೆ ನಿಧಾನವಾಗಿ ಸುತ್ತುತ್ತಾ ಮೇಲೇರುವ ಸವಾರಿಯಲ್ಲಿ ಗುಹೆಯ ಗೋಡೆಚಿತ್ರದಿಂದ ಕಂಪ್ಯೂಟರಿನ ತನಕ ಮನುಷ್ಯ ಮಾತನ್ನು ದಾಟಿಸಿದ ಕಥೆಯಿದೆ. ಇಳಿಯುವಾಗ ಕುರ್ಚಿ ಹಿಂದುಮುಂದಾಗುತ್ತದೆ, ಬೆನ್ನುನೋವಿನವರು ಗಮನಿಸಬೇಕು. ಗೋಳದ ಮೇಲೆ ಬಿದ್ದ ಮಳೆನೀರು ಕೆಳಗಿನವರ ತಲೆಗೆ ಸುರಿಯದೆ ಅದರ ಮೈಯಲ್ಲೇ ಇರುವ ಕಾಲುವೆ ಸೇರುವ ಏರ್ಪಾಡು ನೋಡತಕ್ಕದ್ದು. ನಾವು ನೋಡಿದೆವು ಕೂಡ. ಬೇಸಿಗೆಯಲ್ಲಿ ಅಲ್ಲಿ ಮಧ್ಯಾಹ್ನದ ಗುಡುಗು-ಮಳೆ ಮಾಮೂಲು. ಮಿಂಚಿದರೆ ಬಯಲಿನ ಸವಾರಿಗಳೆಲ್ಲ ನಿಲ್ಲುತ್ತವೆ.

ಹಿಂಬದಿಯ ಕೆರೆಯ ಸುತ್ತ, ಸುಮಾರು ಎರಡು ಕಿಲೋಮೀಟರ್ ಹಾದಿಯಲ್ಲಿ, ಹನ್ನೊಂದು ದೇಶಗಳ ಮಾದರಿ ಬೀದಿಗಳಿವೆ: ಮೆಕ್ಸಿಕೊ, ನಾರ್ವೆ, ಚೀನಾ, ಜರ್ಮನಿ, ಇಟಲಿ, ಅಮೆರಿಕ, ಜಪಾನ್, ಮೊರಾಕ್ಕೊ, ಫ್ರಾನ್ಸ್, ಬ್ರಿಟನ್, ಕೆನಡಾ. ನನ್ನಾಕೆ ತೇರಿನಲ್ಲಿ ಕೂತು ಎಣಿಸುತ್ತಾ ಬಂದು, “ನಮ್ಮ ದೇಶ ಎಲ್ಲಿ?” ಎಂದಳು. ಆ ಸಾಲಿನಲ್ಲಿ ಭಾರತ ಇಲ್ಲ. ಕೆರೆಯ ಅಂಚಿನ ಬೆಂಚುಗಳ ಮೇಲೆ ಹದಿಮೂರು ಮಂದಿಯೂ ಕೂತು ಪುಳಿಯೋಗರೆ, ಮೊಸರನ್ನದ ಡಬ್ಬಿ ಬಿಚ್ಚಿದಾಗ ಅಳಿಯ, “ಹನ್ನೆರಡನೆಯ ದೇಶ ಈಗ ತೆರೀತು” ಎಂದರು. ಇಬ್ಬರು ಅಣ್ಣ-ತಮ್ಮಂದಿರು ಒಂದೇ ಡಬ್ಬಿಗೆ ಕೈ ಹಾಕಿ ತಿನ್ನುತ್ತಿದ್ದರು. ನನ್ನಾಕೆ ತಿನ್ನುವುದನ್ನು ಬಿಟ್ಟು ಅದನ್ನೇ ನೋಡುತ್ತಿದ್ದಳು.

ಹಿರಿಯರನ್ನು ಕರೆದೊಯ್ಯುವವರಿಗೆ

ಇಷ್ಟನ್ನು ಕಂಡ ಮೇಲೆ ಕೆಲವು ಮಾತು. ಎರಡು ಪಾರ್ಕಿನ ದಿನಗಳ ನಡುವೆ ಒಂದು ದಿನ ಬಿಡುವಿರಲಿ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಉರಿಬಿಸಿಲಿನ ಹೊತ್ತನ್ನು ಒಳಾಂಗಣದ ಪ್ರದರ್ಶನಗಳಲ್ಲಿ ಕಳೆಯಿರಿ. ಮಾತ್ರೆ, ಹಳೆಯ ಚಪ್ಪಲಿ, ನೀರಿನ ಶೀಸೆ ಮರೆಯಬೇಡಿ. ಹೊಸ ಬೂಟು ಅಲ್ಲಿಗೆ ಬೇಡ. ಹೃದಯ, ಬೆನ್ನಿನ ತೊಂದರೆ ಇದ್ದವರು ಎಚ್ಚರಿಕೆಯ ಫಲಕವನ್ನು ಓದಿಯೇ ಮುಂದಡಿ ಇಡಲಿ. ವೈದ್ಯರನ್ನು ಹೊರಡುವ ಮೊದಲೇ ಕೇಳಿರಲಿ. ಕೂಸಿರುವ ದಂಪತಿಗಳಿಗಾಗಿ ಡಿಸ್ನಿಯಲ್ಲಿ ‘ರೈಡರ್ ಸ್ವಿಚ್’ ಎಂಬ ಸೌಕರ್ಯವಿದೆ. ಒಬ್ಬರು ಕೂಸು ಹಿಡಿದಿದ್ದು, ಇನ್ನೊಬ್ಬರು ಬಂದ ಮೇಲೆ ಮತ್ತೆ ಉದ್ದ ಸಾಲಿನಲ್ಲಿ ನಿಲ್ಲದೆ ಹೋಗಬಹುದು. ಇದನ್ನು ಬಳಸಿಕೊಂಡರೆ ಅಜ್ಜಿಯೇ ದಿನವೆಲ್ಲ ಕೂಸು ಕಾಯಬೇಕಾಗುವುದಿಲ್ಲ.

ಇದಕ್ಕಾಗಿ ಫ್ಲಾರಿಡಾಕ್ಕೇ ಹೋಗಬೇಕೆಂದಿಲ್ಲ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಬಿಡದಿಯ ಬಳಿ 2005ರಲ್ಲಿ ಆರಂಭವಾದ ವಂಡರ್‌ಲಾ ಇದೆ, ಮೈಸೂರಿನಲ್ಲಿ ಜಿ.ಆರ್.ಎಸ್. ಪಾರ್ಕ್ ಇದೆ. ಶಾಲೆಯಿಂದ ಅಲ್ಲಿಗೆ ಹೋಗಿ ಬಂದ ವಿದ್ಯಾರ್ಥಿಗಳು ಮುಂದಿನ ಸಲ ತಾತನನ್ನೋ ಅಜ್ಜಿಯನ್ನೋ ಕರೆದೊಯ್ಯುವುದಾದರೆ ಒಂದು ಮಾತು ನೆನಪಿಡಿ. ಇಂಥ ಜಾಗಗಳಲ್ಲಿ ಸವಾರಿ ಮೂರು ನಿಮಿಷ, ಸರದಿ ಒಂದು ಗಂಟೆ. ಮೂರು ನಿಮಿಷಕ್ಕೆ ಹಿರಿಯರು ಬರಲಾರರು ನಿಜ. ಆ ಒಂದು ಗಂಟೆಗೆ ಅವರಿಗಿಂತ ಒಳ್ಳೆಯ ಜೊತೆಯಿಲ್ಲ. ಚೀಲಗಳನ್ನು ಲಾಕರಿನಲ್ಲಿಟ್ಟು, ಅವರನ್ನು ಸಾಲಿಗೆ ಕರೆದುಕೊಳ್ಳಿ.